ತುಟಿಗೆ ತಾಗದ ಪಂಪು

ನನಗೆ ದಮ್ಮಿನ ಕಾಯಿಲೆ ಇದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ, ಹೇಳಿಕೊಂಡು ತಿರುಗುವುದೂ ಇಲ್ಲ. ಬೆಳಿಗ್ಗೆ ಮತ್ತು ರಾತ್ರಿ ಬಾಗಿಲು ಹಾಕಿಕೊಂಡು ಇನ್ಹೇಲರ್ ಪಂಪು ತೆಗೆದುಕೊಳ್ಳುತ್ತೇನೆ, ಬಾಯಿ ಮುಕ್ಕಳಿಸುತ್ತೇನೆ, ಅಷ್ಟೇ. ಉಸಿರು ಬಿಗಿಯುವ ಹೊತ್ತಿಗೆಂದು ನೀಲಿ ಬಣ್ಣದ ಇನ್ನೊಂದು ಪಂಪು ಯಾವಾಗಲೂ ಜೊತೆಗಿರುತ್ತದೆ. ತಾವರಗೇರಾದ ಹೈಸ್ಕೂಲಿಗೆ ಕೆಲಸಕ್ಕೆ ಬಂದು, ಒಂದು ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದ ಮೇಲೂ ಈ ಕ್ರಮ ಬದಲಾಗಲಿಲ್ಲ.

ಮನೆಯೊಡತಿಗೆ ಅರವತ್ತರ ಆಸುಪಾಸು. ನಾನು ಅವರನ್ನು ಅಮ್ಮಾರ ಎಂದು ಕರೆಯುತ್ತಿದ್ದೆ. ಒಳಗೆ ಸೊಸೆಯ ಗ್ಯಾಸು, ಹಿತ್ತಲಲ್ಲಿ ಇವರ ಕಟ್ಟಿಗೆಯ ಒಲೆ. ರೊಟ್ಟಿ ಮಾತ್ರ ಆ ಒಲೆಯ ಮೇಲೆ, ಅವರ ಕೈಯಿಂದಲೇ ಆಗಬೇಕು. ಯಾರು ಎಷ್ಟು ಉಂಡರು, ಯಾರು ಮುನಿಸಿಕೊಂಡು ಅರ್ಧಕ್ಕೇ ಎದ್ದರು ಎಂಬುದೆಲ್ಲ ಅವರಿಗೆ ಅಲ್ಲಿ ಕುಳಿತೇ ತಿಳಿಯುತ್ತಿತ್ತು.

ಅದು ತೊಗರಿ ಒಕ್ಕುವ ಕಾಲ. ಊರ ತುಂಬ ಹೊಟ್ಟಿನ ಧೂಳು. ಹಿತ್ತಲಿಗೆ ನೀರು ತುಂಬಲು ಹೋದಾಗ ಎದೆ ಬಿಗಿಯಿತು. ಕೋಣೆಯವರೆಗೂ ತಡೆಯಲಾಗದೆ, ಚೂಡಿದಾರದ ಜೇಬಿನಿಂದ ನೀಲಿ ಪಂಪು ತೆಗೆದು ಅವರೆದುರೇ ಎಳೆದುಕೊಂಡೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದರು.

ಮರುದಿನ ಬಾಗಿಲಲ್ಲಿ ನಿಂತು, ಹೆಪ್ಪು ಕೇಳುವಷ್ಟೇ ಸಲೀಸಾಗಿ, "ಯವ್ವಾ, ನಿನ್ನ ಪಂಪು ಕೊಡು," ಎಂದರು.

"ಯಾಕ್ರಿ ಅಮ್ಮಾರ?"

"ಯಾಕಂದ್ರ? ನನಗೂ ದಮ್ ಹತ್ತತೈತಿ. ನಿನಗೊಬ್ಬಾಕಿಗೇ ಉಸಿರೈತೇನು?"

ಅದು ನನ್ನ ಬಾಯಿಗೆ ತಾಗುವ ವಸ್ತು ಎಂದು ಹಿರಿಯರಿಗೆ ಹೇಗೆ ಹೇಳಲಿ? ನಾನು ಮಾತು ಹುಡುಕುತ್ತಿರುವಾಗಲೇ ಅವರು ಅದನ್ನು ತೆಗೆದುಕೊಂಡು, ತಲೆ ಹಿಂದಕ್ಕೆ ವಾಲಿಸಿ, ಬಾಯಿ ತೆರೆದು, ತಂಬಿಗೆಯ ನೀರನ್ನು ಎತ್ತಿ ಕುಡಿಯುವ ಹಾಗೆ ಪಂಪನ್ನು ಗೇಣುದ್ದ ಮೇಲೆ ಹಿಡಿದು ಒತ್ತಿದರು. ಬಿಳಿಯ ಹೊಗೆಯಂಥದು ಎಳೆ ಬಿಸಿಲಿನಲ್ಲಿ ಹರಡಿ ಅವರ ಮೂಗು, ರೆಪ್ಪೆಗಳ ಮೇಲೆ ಇಳಿಯಿತು. ಬಾಯಿ ಮುಚ್ಚಿ ನುಂಗಿದರು.

"ನೋಡು, ಎಂಜಲ ಆಗಲಿಲ್ಲ," ಎಂದು ಪಂಪನ್ನು ಮರಳಿಸಿದರು.

ನನಗೆ ಮೊದಲು ಆದದ್ದು ಸಮಾಧಾನ. ಗೊಂದಲ ಆಮೇಲಿನದು. ಆ ಔಷಧವನ್ನು ಉಸಿರಿನ ಜೊತೆ ಒಳಗೆ ಎಳೆದುಕೊಳ್ಳಬೇಕು, ನುಂಗುವುದಲ್ಲ. ಆದರೆ ಅವರು ಗೋಡೆಗೆ ಒರಗಿ ಕುಳಿತು, ಸ್ವಲ್ಪ ಹೊತ್ತಿಗೆ "ಹಗುರಾತು" ಎಂದರು. ಉಸಿರಿನ ಸದ್ದೂ ನಿಜವಾಗಿ ತಗ್ಗಿತ್ತು. ಒಳಗೆ ಏನೂ ಹೋಗದೆ ಹಗುರಾದದ್ದು ಯಾವುದರಿಂದ? ಒಲೆಯ ಹೊಗೆಯಿಂದ ದೂರ ಕುಳಿತದ್ದರಿಂದಲೇ? ಆ ದಿನ ಪಾಠ ಮಾಡುತ್ತಿರುವಾಗ, ನನಗೆ ಸಿಗುವ ಆರಾಮದಲ್ಲಾದರೂ ಔಷಧದ್ದು ಎಷ್ಟು ಎಂಬ ಅನುಮಾನ ಹುಟ್ಟಿ, ಓದುತ್ತಿದ್ದ ಸಾಲು ತಪ್ಪಿತು.

ಅವರು ದಿನವೂ ಬರತೊಡಗಿದರು. ಒಮ್ಮೆ ಸೊಸೆ ನೋಡಿಬಿಟ್ಟರು. "ಏನ್ರಿ ಅತ್ತಿಯಾರ, ಸೆಂಟ್ ಹೊಡಕೊಂಡು ಎಲ್ಲಿಗೆ ಹೊಂಟೀರಿ?"

"ನಿನ್ನ ತವರಮನಿಗೆ. ನಿನಗ ರೊಟ್ಟಿ ಬಡಿಯೂದು ಯಾಕ ಕಲಿಸಲಿಲ್ಲಂತ ಕೇಳಾಕ."

ಸೊಸೆ ನಕ್ಕು ಒಳಗೆ ಹೋದರು. ನಾನು ನಗಲಾರದೆ ನಿಂತೆ. ಸರಿಯಾದ ರೀತಿ ಹೇಳಿಕೊಟ್ಟರೆ ಪಂಪು ಅವರ ಬಾಯಿಗೆ ಹೋಗಬೇಕು. ಆಮೇಲೆ ಅದನ್ನು ಹಂಚಿಕೊಳ್ಳುವುದು ಇಬ್ಬರಿಗೂ ಆಗದ ಮಾತು. ಹೇಳಿಕೊಡದಿದ್ದರೆ ಅವರಿಗೆ ಸಿಗುತ್ತಿರುವುದು ಬರೀ ಗಾಳಿ. ಕೊಡುವುದೇ ಇಲ್ಲ ಎಂದರೆ, ಉಸಿರಿಗೆ ಒದ್ದಾಡುವವರನ್ನು ಬಾಗಿಲಿನಿಂದ ಕಳಿಸಿದ ಹಾಗೆ.

"ಆಸ್ಪತ್ರಿಗೆ ಹೋಗೂಣ್ರಿ ಅಮ್ಮಾರ," ಎಂದೆ.

"ಹೋದ್ರ ಪಂಪು ಹಚ್ತಾರವಾ. ಒಮ್ಮೆ ಹಚ್ಚಿದ್ರ ಸಾಯೂತನಕ ಬಿಡೂದಿಲ್ಲಂತ."

"ಈಗ ದಿನಾ ತೊಗೊಳಾಕತ್ತೀರಲ್ರಿ?"

"ಇದು ನಿಂದು. ನಂದಾದ್ರ ರೋಗಾನೂ ನಂದಾಗತೈತಿ."



ಒಂದು ಭಾನುವಾರ ಮಗ, ಸೊಸೆ ಯಾರದೋ ಮದುವೆಗೆಂದು ಕುಷ್ಟಗಿಗೆ ಹೋಗಿದ್ದರು. ಹಿತ್ತಲಿನಿಂದ ಬಂದ ಕೆಮ್ಮು ಎಂದಿನಂತಿರಲಿಲ್ಲ. ಹೋಗಿ ನೋಡಿದರೆ ಅವರು ಮೊಣಕಾಲಿನ ಮೇಲೆ ಕೈ ಊರಿ ಕುಳಿತಿದ್ದಾರೆ, ಒಂದು ಉಸಿರಿಗೆ ಒಂದೇ ಮಾತು ಹೊರಡುತ್ತಿದೆ, ಹಂಚಿನ ಮೇಲೆ ರೊಟ್ಟಿ ಸೀಯುತ್ತಿದೆ. ಪಂಪು ಕೊಟ್ಟೆ. ಆ ಹೊತ್ತಿನಲ್ಲೂ ಕೈ ಮೇಲೆತ್ತಿದರು. ಔಷಧ ಒಲೆಯ ಹೊಗೆಯಲ್ಲಿ ಬೆರೆತುಹೋಯಿತು.

"ಬಾಯಾಗ ಇಟ್ಕೋರಿ."

ತಲೆಯಾಡಿಸಿದರು. "ಎಂಜಲ..."

ಯಾರ ಎಂಜಲು? ತಮ್ಮದು ನನಗಾಗದಿರಲಿ ಎಂದು ಅವರು ಎತ್ತಿ ಹಿಡಿಯುತ್ತಾರೆಂದೇ ಅಷ್ಟು ದಿನ ತಿಳಿದಿದ್ದೆ. ನನ್ನದು ತಮಗೆ ತಾಗದಿರಲಿ ಎಂದೂ ಇರಬಹುದೆಂದು ಆಗ ಹೊಳೆಯಿತು. ಕೇಳುವ ಹೊತ್ತಲ್ಲ. ಒಳಗಿನ ಔಷಧದ ಡಬ್ಬಿ ಕಿತ್ತು, ನೀಲಿ ಪ್ಲಾಸ್ಟಿಕ್ಕನ್ನು ಅವರ ಕಣ್ಣೆದುರೇ ನಳಕ್ಕೆ ಹಿಡಿದು ತೊಳೆದೆ. ಕೊಡವಿ, ಮತ್ತೆ ಜೋಡಿಸಿ, ಅವರ ತುಟಿಗಳ ನಡುವೆ ಇಟ್ಟೆ. "ನುಂಗಬ್ಯಾಡ್ರಿ. ಉಸಿರಿನ ಕೂಡ ಒಳಗ ಎಳೀರಿ." ಎಳೆದರು. ಸ್ವಲ್ಪ ತಡೆದು ಇನ್ನೊಮ್ಮೆ. ಎರಡು ಮಾತು ಕೂಡಿಸಿ ಆಡುವಷ್ಟಾದ ಮೇಲೆ ಆಟೋ ತರಿಸಿ ಸರಕಾರಿ ಆಸ್ಪತ್ರೆಗೆ ಕರೆದೊಯ್ದೆ.

ಮುಖಕ್ಕೆ ಮಾಸ್ಕು ಹಾಕಿ ಔಷಧ ಕೊಟ್ಟರು. ಉಸಿರು ತಹಬಂದಿಗೆ ಬಂದಾಗ ಡಾಕ್ಟರಮ್ಮ ಕೇಳಿದರು: "ಮೊದಲ ಪಂಪು ತೊಗೊಂತಿದ್ರೇನು?"

"ತೊಗೊಂತಿದ್ದೆರಿ. ದಿನಾ. ಆದ್ರೂ ದಮ್ ನಿಲ್ಲಲಿಲ್ಲ."

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, ಹಾಗಾದರೆ ಇನ್ನೂ ಜೋರಿನ ಔಷಧ ಬೇಕಾಗಬಹುದು ಎಂದು ಬರೆಯಲು ಹೊರಟರು. ಅಪರಿಚಿತರ ನಡುವೆ ಬಾಯಿ ತೆರೆಯುವುದು ನನ್ನ ಸ್ವಭಾವವಲ್ಲ. ಅಂದು ಎದ್ದು ನಿಂತು, ತಲೆ ಹಿಂದಕ್ಕೆ ವಾಲಿಸಿ, ಬಾಯಿ ತೆರೆದು, ಬರಿಗೈ ಮೇಲೆತ್ತಿ ತೋರಿಸಿದೆ. ಬೆಂಚಿನ ಮೇಲಿದ್ದ ಹೆಂಗಸರು ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಹೊಸ ಪಂಪು ತರಿಸಿ, ಉಸಿರು ಹೊರಗೆ ಬಿಟ್ಟು, ತುಟಿ ಮುಚ್ಚಿ, ನಿಧಾನ ಎಳೆದು, ಒಳಗೇ ಹಿಡಿದಿಡುವುದನ್ನು ಕಲಿಸಿದರು. ಒಲೆಯ ಹೊಗೆ ಇನ್ನು ಬೇಡ ಎಂದರು.

ಮರಳಿ ಬರುವಾಗ ಆಟೋದಲ್ಲಿ ಅಮ್ಮಾರು ಔಷಧದ ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟರು. "ನಿನ್ನ ಕಡೀನ ಇರಲಿ."

"ನಿಮ್ದಲ್ರಿ ಅದು?"

"ಮನ್ಯಾಗ ಗೊತ್ತಾದ್ರ ಒಲಿ ಕೆಡವ್ತಾರ. ಆಮ್ಯಾಲ ನಾ ಎಲ್ಲಿ ಕುಂಡ್ರಲಿ?"

ಈಗ ನನ್ನ ಗೂಡಿನಲ್ಲಿ ಅವರ ಪಂಪೂ ಇದೆ. ಬೆಳಿಗ್ಗೆ, ರಾತ್ರಿ ಬರುತ್ತಾರೆ, ತಾವೇ ಚಿಲಕ ಹಾಕಿಕೊಳ್ಳುತ್ತಾರೆ, ತುಟಿಗೆ ಹಚ್ಚಿ ಕಲಿಸಿದ ಹಾಗೇ ತೆಗೆದುಕೊಳ್ಳುತ್ತಾರೆ. ಆಮೇಲೆ ಹೋಗಿ ಒಲೆ ಹಚ್ಚುತ್ತಾರೆ. ಸೊಸೆಗೆ ಹೇಳಿಬಿಡಬೇಕೆಂದು ಒಮ್ಮೆ ಅನ್ನಿಸುತ್ತದೆ. ಹೇಳಿದರೆ ಹೊಗೆ ನಿಲ್ಲಬಹುದು, ಆದರೆ ಅಮ್ಮಾರು ಸಿಟ್ಟಿಗೆದ್ದು ಪಂಪನ್ನೂ ಬಿಟ್ಟುಬಿಟ್ಟರೆ? ಹೇಳದಿದ್ದರೆ, ಅವರ ಎದೆಗೆ ದಿನವೂ ಇಳಿಯುವ ಹೊಗೆಗೆ ನಾನೂ ಪಾಲುದಾರಳು.

ನಿನ್ನೆ ಅವರು ಔಷಧ ಎಳೆದು ಉಸಿರು ಹಿಡಿದಿದ್ದರು. ಹೊರಗಿನಿಂದ ಸೊಸೆಯ ದನಿ: "ಅತ್ತಿಯಾರ, ದಿನಾ ಬಾಗಲಾ ಹಾಕ್ಕೊಂಡು ಇಬ್ಬರೂ ಏನ ಮಾಡಾಕತ್ತೀರಿ?"

ಬಾಯಿ ಬಿಡುವಂತಿಲ್ಲ. ಅವರು ನನ್ನನ್ನೇ ನೋಡಿದರು. ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಸಿಗಲಾರದು ಎಂದುಕೊಳ್ಳುತ್ತಲೇ, "ಕುಂತಾರ್ರಿ. ಬರ್ತಾರ ತಡೀರಿ," ಎಂದುಬಿಟ್ಟೆ.

ಅವರು ಮೆಲ್ಲಗೆ ಉಸಿರು ಬಿಟ್ಟರು.