ಗೆರೆ ಕುಣಿಸಿದ ಕೇಬಲ್

“ರೀ, ಮುಟ್ಬೇಡಿ!”

ಹೆಂಡತಿ ಕೂಗಿದ ರಭಸಕ್ಕೆ ಕೈಯಲ್ಲಿದ್ದ ಕೇಬಲ್ ಬಿಟ್ಟೆ. ಮರುಕ್ಷಣ ಅವಳ ದನಿಯೇ ಬದಲಾಯಿತು. “ತಡೀರಿ. ಇನ್ನೊಂದ್ಸಲ ಮುಟ್ಟಿ.”

ಏನು ಕತೆ ಅಂತೀರಾ? ನನ್ನಾಕೆ ಶೈಲಜಾ ಕುಣಿಗಲ್‌ನಲ್ಲಿ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾಳೆ. ಸಂಜೆ ಬಸ್ಸಿಳಿದು ತುಮಕೂರಿನ ಲ್ಯಾಬಿನಲ್ಲಿ ಪಿಎಚ್‌ಡಿ ಕೆಲಸ. ವಿಷಯ ಆಂಟೆನಾ. (ಮನೆ ಮೇಲಿನ ಡಿಶ್ ಅಲ್ಲ!) ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಬೋರ್ಡಿನ ಮೇಲೆ ತಾಮ್ರದಲ್ಲಿ ಪ್ರಿಂಟ್ ಮಾಡಿದ್ದು. ವೈಫೈ, ಬ್ಲೂಟೂತ್, 5ಜಿ ಎಲ್ಲಕ್ಕೂ ಅದೊಂದೇ ಸಾಲಬೇಕು.

ಕಂಪ್ಯೂಟರಿನಲ್ಲಿ ಗ್ರಾಫ್ ಚೆಂದ ಬರುತ್ತಿತ್ತು. ಬೋರ್ಡ್ ಮಾಡಿಸಿ ಅಳೆದರೆ ದಿನಕ್ಕೊಂದು ಥರ. ಗೈಡ್ ಬೇಸತ್ತು, “ಟಾಪಿಕ್ ಬದಲಾಯಿಸೋಣ ಮೇಡಂ” ಎಂದರು. ಅಂದರೆ? ವರ್ಷಗಳ ಕೆಲಸ ನೀರುಪಾಲು. “ಬಿಟ್ಬಿಡ್ತೀನಿ ಕಣ್ರೀ” ಎಂದು ತಟ್ಟೆ ಮುಂದೆ ಕೂತು ಅತ್ತಳು.

ಕಳೆದ ತಿಂಗಳು ನಿಟ್ಟೂರಿನಲ್ಲಿ ಅವಳಣ್ಣನ ಮಗಳ ನಿಶ್ಚಿತಾರ್ಥ. ರೇಷ್ಮೆ ಸೀರೆ ಉಟ್ಟವಳು, “ಕೊನೇ ಸಲ ಅಳೆದು ಹೋಗೋಣ” ಎಂದು ನನ್ನನ್ನೂ ಲ್ಯಾಬಿಗೆ ಕರೆದೊಯ್ದಳು. ಬೋರ್ಡಿನಿಂದ ಅಳೆಯುವ ಯಂತ್ರಕ್ಕೆ ಹೋಗುವ ಕೇಬಲ್ ಸೆರಗಿಗೆ ಸಿಕ್ಕೀತೆಂದು ನಾನು ಸರಿಸಿದೆ. ಯಂತ್ರದ ಪರದೆಯ ಮೇಲಿನ ಗ್ರಾಫಿನ ಗೆರೆ ಜಿಗಿಯಿತು. ಅವಳು ಕೂಗಿದ್ದು ಆಗಲೇ.

ಮತ್ತೆ ಮುಟ್ಟಿದೆ. ಗೆರೆ ಮತ್ತೆ ಕುಣಿಯಿತು.

“ಕೇಬಲ್ಲೇ ಆಂಟೆನಾ ಆಗ್ಬಿಟ್ಟಿದೆ ಕಣ್ರೀ! ಇದನ್ನ ಓದಿದ್ದೆ, ಪಾಠಾನೂ ಮಾಡಿದ್ದೆ. ನನ್ ಟೇಬಲ್ ಮೇಲೇ ಇದೆ ಅಂತ ಹೊಳೀಲೇ ಇಲ್ಲ!”

ಬೋರ್ಡ್ ತೀರಾ ಚಿಕ್ಕದಾದ್ದರಿಂದ ಕರೆಂಟು ಕೇಬಲ್ಲಿನ ಮೈಮೇಲೂ ಹರಿದು, ಅದೂ ಸಿಗ್ನಲ್ ಸೂಸುತ್ತಿತ್ತಂತೆ. ಇಷ್ಟು ದಿನ ಅಳೆದದ್ದು ಎರಡನ್ನೂ ಸೇರಿಸಿ!

ಆ ಹರಿವು ತಡೆಯಲು ಲ್ಯಾಪ್‌ಟಾಪ್ ಚಾರ್ಜರಿನ ವೈರಿನಲ್ಲಿರುವಂಥ ಕಪ್ಪು ಉಂಡೆಯೊಂದನ್ನು ಕೇಬಲ್ಲಿಗೆ ಸಿಕ್ಕಿಸಿದಳು. ಈಗ ಮುಟ್ಟಿದರೂ ಗೆರೆ ಅಲುಗಲಿಲ್ಲ. ಜೊತೆಗೆ ನಿಜವೂ ಬಯಲಾಯಿತು: ಬ್ಯಾಂಡ್, ಅಂದರೆ ಆಂಟೆನಾ ಹಿಡಿಯಬೇಕಾದ ತರಂಗಗಳ ವ್ಯಾಪ್ತಿ, ಒಂದು ತುದಿಯಲ್ಲಿ ಸಾಲುತ್ತಿರಲಿಲ್ಲ.

ಅಷ್ಟರಲ್ಲಿ ಅವಳಣ್ಣನ ಫೋನ್. “ಎಲ್ಲಿದ್ದೀಯವ್ವಾ? ಗಂಡಿನೋರು ಬಂದವ್ರೆ!”

“ಬಂದೆ ಕಣಣ್ಣ” ಎಂದವಳು ಹೊಸ ಬೋರ್ಡಿನ ಚಿತ್ರ ಗೀಚುತ್ತಿದ್ದ ಪೆನ್ಸಿಲ್ ಕೆಳಗಿಡಲಿಲ್ಲ. (ನಾವು ತಲುಪಿದಾಗ ಊಟ ನಡೆಯುತ್ತಿತ್ತು. ಅಣ್ಣ ಮುಖ ಕೊಟ್ಟು ಮಾತಾಡಲಿಲ್ಲ.)

ಆ ಕೊರತೆ ನೀಗಲು ಬೋರ್ಡಿನ ಹಿಂಬದಿಯ ತಾಮ್ರದಲ್ಲಿ ಸಣ್ಣ ಸೀಳು ಬಿಟ್ಟು ಹೊಸದು ಮಾಡಿಸಿದಳು. ಮೊನ್ನೆ ಬಂತು. ಗೈಡ್ ತಾವೇ ಅಳೆದರು. ನಂಬದೆ ಮತ್ತೆ ಅಳೆದರು. ಬ್ಯಾಂಡ್ ಪೂರ್ತಿ ಹಿಡಿದಿತ್ತು! “ಟಾಪಿಕ್ ಇದೇ ಇರ್ಲಿ ಮೇಡಂ” ಎಂದರು.

ಥೀಸಿಸ್ ಬರೆಯುವುದು ಇನ್ನೂ ಬಾಕಿ. ಇರಲಿ, ಮನೆಯಲ್ಲಿ ನಗು ವಾಪಸ್ ಬಂದಿದೆ.

ನಿನ್ನೆ ಅಣ್ಣನ ಫೋನ್ ಬಂತು. ‘ಈ ವಯಸ್ಸಲ್ಲಿ ನಿಂಗ್ಯಾಕವ್ವ ಓದು’ ಎನ್ನುತ್ತಿದ್ದ ಮನುಷ್ಯ ಮೊದಲ ಬಾರಿ ಕೇಳಿದರು: “ಎಲ್ಲಿಗ್ ಬಂತವ್ವ ನಿನ್ ಆಂಟೆನಾ?”

ಓದುವ ಹೆಂಗಸನ್ನು ಕೇಳಬೇಕಾದ ಪ್ರಶ್ನೆ ಇದೇ ಅಲ್ಲವೇ?