ಸುಸಾಮನಿಗೆ ಮೇಲಿನಿಂದ ಇಳಿಯುವ ಊಟ

ಫೆಹ್ಮಿ ಉಸ್ತಾಗೆ ‘ಬೇಡ’ ಎನ್ನಲು ಬರುವುದಿಲ್ಲ. ಇಸ್ತಾಂಬುಲ್‌ನ ಕುರ್ತುಲುಶ್‌ನಲ್ಲಿ ನಮ್ಮ ಮನೆಯ ಕೆಳಗೇ ಅವರ ಕ್ಷೌರದಂಗಡಿ; ಕಸುಬಿನಲ್ಲಿ ಪಳಗಿದವರನ್ನು ಇಲ್ಲಿ ‘ಉಸ್ತಾ’ ಎನ್ನುತ್ತಾರೆ. ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ನೋಡುತ್ತಿದ್ದೇನೆ. ಹೊಟ್ಟೆ ಬಿರಿಯುವಷ್ಟು ಕುಡಿದಿದ್ದರೂ ಯಾರಾದರೂ ಚಹಾ ತಂದರೆ ತೆಗೆದುಕೊಳ್ಳುತ್ತಾರೆ. ಎದುರು ಕಟ್ಟಡದ ಮೂರನೇ ಮಹಡಿಯ ಮಾದಾಮ್ ಅನಾಹಿತ್ ಕಿತ್ತಳೆ ಬಣ್ಣದ ದಪ್ಪ ಸ್ವೆಟರೊಂದನ್ನು ಹೆಣೆದುಕೊಟ್ಟಿದ್ದಾರೆ. ಮುದುಕಿಯ ಮನಸ್ಸು ನೋಯಬಾರದೆಂದು ಅರವತ್ತು ದಾಟಿದ ಈ ಮನುಷ್ಯ ಅದನ್ನು ಜೂನ್‌ವರೆಗೂ ಹಾಕಿಕೊಂಡು ಬೆವರುತ್ತಾರೆ.

ಒಂದು ಚಳಿಗಾಲ ಎಳ್ಳಿನ ಬಣ್ಣದ ಬೆಕ್ಕೊಂದು ಬಂದು ಒಗೆದಿಟ್ಟ ಟವೆಲ್ಲುಗಳ ಮೇಲೆ ಮಲಗಿತು. ಅದಕ್ಕೂ ಅವರು ಬೇಡವೆನ್ನಲಿಲ್ಲ. ಸುಸಾಮ್ ಎಂದು ಹೆಸರಿಟ್ಟರು. ಸುಸಾಮ್ ಎಂದರೆ ಎಳ್ಳೇ.

ನಮ್ಮಲ್ಲಿ ಬ್ರೆಡ್ಡಿಗೆಂದು ಹೋದವರು ಎರಡಕ್ಕೆ ದುಡ್ಡು ಕೊಟ್ಟು, “ಒಂದು ಕೊಕ್ಕೆಗೆ” ಎಂದು ಹೇಳಿ ಬರುವುದುಂಟು. ಇಲ್ಲದವರು ಬಂದು ಅದನ್ನು ಕೇಳಿ ಒಯ್ಯುತ್ತಾರೆ. ಉಸ್ತಾರ ಅಂಗಡಿಯಲ್ಲಿ ಈ ಪದ್ಧತಿ ಸುಸಾಮನ ಪಾಲಿಗೆ ಬಂತು. ಗಡ್ಡ ಮಾಡಿಸಲು ಬಂದವರೆಲ್ಲ ಕೋಟು ತೂಗುಹಾಕುವ ಕೊಕ್ಕೆಗೆ ಬೆಕ್ಕಿನ ಒಣ ತಿನಿಸಿನ ಪುಟ್ಟ ಚೀಲವೊಂದನ್ನು ಸಿಕ್ಕಿಸಿ ಹೋಗತೊಡಗಿದರು. ಕೋಳಿಯದ್ದು, ಸಾಲ್ಮನ್ ಮೀನಿನದ್ದು, ಕುರಿಮಾಂಸ ಅಕ್ಕಿಯದ್ದು, ಗೋಣಿಯಿಂದ ಅಳೆದು ಕೊಡುವ ಬಣ್ಣಬಣ್ಣದ ನಕ್ಷತ್ರದ ಕಾಳು. ಯಾರೋ ತಿಳಿಯದೆ ಮರಿಗಳ ತಿನಿಸನ್ನೂ ತಂದಿದ್ದರು. ಕೊಟ್ಟವರ ಕಣ್ಣೆದುರೇ ಅವರ ಚೀಲ ಬಿಚ್ಚಿ ಬಟ್ಟಲಿಗೆ ಸುರಿಯದಿದ್ದರೆ ಉಸ್ತಾಗೆ ಸಮಾಧಾನವಿಲ್ಲ.

“ಹೀಗೆ ಗಳಿಗೆಗೊಂದು ಬದಲಾಯಿಸಿದ್ರೆ ಅದರ ಹೊಟ್ಟೆ ಏನಾಗಬೇಕು ಉಸ್ತಾ?” ಎಂದು ನಾನು ಕೇಳಿದ್ದೆ.

“ದಿನಾ ಒಂದೇ ಬೇಳೆ ಸೂಪ್ ಕೊಟ್ರೆ ನೀನು ತಿಂತೀಯಾ ಮಗಳೇ? ಅದಕ್ಕೂ ನಾಲಿಗೆ ಇದೆ!”

ನಾಲಿಗೆಯೇನೋ ಇತ್ತು. ಜೊತೆಗೆ ದಿಂಬಿನಂಥ ಹೊಟ್ಟೆಯೂ, ಆಗಾಗ ಭೇದಿಯೂ ಇದ್ದವು.

ಈ ವಸಂತದಲ್ಲಿ ಒಂದು ಬೆಳಿಗ್ಗೆ ಸುಸಾಮ್ ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ಕುಳಿತು ಅಳತೊಡಗಿತು. ಒಂದು ತೊಟ್ಟು ಮೂತ್ರವೂ ಬರುತ್ತಿರಲಿಲ್ಲ. ಉಸ್ತಾ ಅದನ್ನು ಕ್ಷೌರದ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಏರು ಹತ್ತಿ ಓಡಿದರು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ ಸೋಪಿನ ನೊರೆಯೊಂದಿಗೆ ಹಿಂದೆ ಓಡಿದ. ಕೂಗಾಟ ಕೇಳಿ ಕೆಳಗಿಳಿದಿದ್ದ ನಾನೂ ಮಗಳು ಇಂಜಿಯನ್ನು ಸೊಂಟಕ್ಕೇರಿಸಿಕೊಂಡು ಹೊರಟೆ.

ಪಶುವೈದ್ಯೆ ಸೆವ್ದಾ ನಳಿಕೆ ಹಾಕಿ ಕಟ್ಟಿದ ಮೂತ್ರ ಬಿಡಿಸಿದರು. ಬೆಕ್ಕು ನಿರಾಳವಾಗಿ ಉಸಿರಾಡಿದ ಮೇಲೆ ಉಸ್ತಾರ ಕಡೆ ತಿರುಗಿದರು.

“ಏನೇನು ತಿನ್ನಿಸ್ತಿದ್ರಿ?”

ಉಸ್ತಾ ಬೆರಳು ಮಡಚಿ ಎಣಿಸಲು ಶುರುಮಾಡಿದರು. ಅವರ ಬೆರಳು ಮುಗಿದ ಮೇಲೆ ಅರ್ಧ ಗಡ್ಡದ ಗಿರಾಕಿ ತನ್ನವನ್ನೂ ಚಾಚಿದ.

“ಬೆಕ್ಕು ಸಾಕಿದ್ದೀರೋ, ಹೋಟೆಲ್ ಇಟ್ಟಿದ್ದೀರೋ?” ಎಂದು ಸೆವ್ದಾ ಗದರಿದರು. “ಆಪರೇಷನ್ ಆದ ಗಂಡು ಬೆಕ್ಕು, ಮೈ ಬೇರೆ ಬಂದಿದೆ. ಮೂತ್ರದಲ್ಲಿ ಹರಳು ಕಟ್ಟಿದೆ. ಇನ್ನು ಮೇಲೆ ಹರಳಾಗದಂಥ ಈ ತಿನಿಸು ಮಾತ್ರ. ಅಳತೆ ಮಾಡಿ ಎರಡು ಹೊತ್ತು. ಪಕ್ಕದಲ್ಲಿ ನೀರು ಯಾವಾಗಲೂ ಇರಲಿ. ಮತ್ತೆ ಕಟ್ಟಿಕೊಂಡ್ರೆ ಉಳಿಸ್ತೀನಿ ಅಂತ ನಾನು ಮಾತು ಕೊಡಲ್ಲ.”

“ಸಾಯೋವರೆಗೂ ಒಂದೇ ರುಚೀನಾ ಡಾಕ್ಟ್ರೇ?” ಉಸ್ತಾರ ಕಣ್ಣು ತುಂಬಿತ್ತು.

“ಇದರಲ್ಲೇ ಕೋಳಿದೂ ಇದೆ, ಮೀನಿಂದೂ ಇದೆ. ಚೀಲ ಮುಗಿಯೋಕೆ ಬಂದಾಗ ಇನ್ನೊಂದನ್ನ ತನ್ನಿ. ಆದ್ರೆ ಹೊಸದನ್ನ ಸ್ವಲ್ಪ ಸ್ವಲ್ಪ ಬೆರೆಸ್ತಾ, ವಾರ ಪೂರ್ತಿ ತಗೊಂಡು ಬದಲಾಯಿಸಿ.”

ಬೆಕ್ಕು ಉಳಿಯಬೇಕಾದರೆ ಉಸ್ತಾ ಈಗ ಬೀದಿಗೆಲ್ಲ ‘ಬೇಡ’ ಎನ್ನಬೇಕಿತ್ತು. ಎರಡು ದಿನ ಅವರು ಮಂಕಾಗಿದ್ದರು. ಆಮೇಲೆ ಒಂದು ಉಪಾಯ ಹೊಳೆಯಿತು. ನನ್ನ ಗಂಡ ಗಡ್ಡ ಮಾಡಿಸಿಕೊಂಡು ಬಂದು ಕುತ್ತಿಗೆ ಸವರಿಕೊಳ್ಳುತ್ತ ಹೇಳಿದ:

“ಗಂಟಲ ಮೇಲೆ ಕತ್ತಿ ಇಟ್ಟು, ‘ಇನ್ಮೇಲೆ ಸುಸಾಮ್‌ಗೆ ಏನೂ ತರಬೇಡ, ಬೇಜಾರಿಲ್ಲ ತಾನೇ?’ ಅಂತಾರೆ ಮಾರಾಯ್ತಿ! ಯಾವನಿಗೆ ಬೇಜಾರಾಗುತ್ತೆ?”

ಕೊಕ್ಕೆಯಲ್ಲಿ ಉಳಿದಿದ್ದ ಚೀಲಗಳು ಉದ್ಯಾನದ ಬೆಕ್ಕುಗಳ ಪಾಲಾದವು. ಬಟ್ಟಲಲ್ಲಿ ಔಷಧದ ತಿನಿಸೊಂದೇ ಉಳಿಯಿತು. ಸುಸಾಮ್ ಅದನ್ನು ಮೂಸಿ, ಹೇಲು ಮುಚ್ಚುವಂತೆ ಸುತ್ತಲಿನ ನೆಲ ಕೆರೆದು ಎದ್ದುಹೋಯಿತು. ಉಸ್ತಾ ನೆಲದ ಮೇಲೆ ಕುಳಿತು, ಒಂದು ಕಾಳನ್ನು ತಾವೇ ಬಾಯಿಗೆ ಹಾಕಿಕೊಂಡು ಕಟುಂ ಎನಿಸಿದರು.

“ನೋಡು ಮಗನೇ, ಚೆನ್ನಾಗೇ ಇದೆ. ಉಪ್ಪು ಸ್ವಲ್ಪ ಕಮ್ಮಿ, ಅಷ್ಟೇ.”

ಬೆಕ್ಕು ಮುಟ್ಟಲಿಲ್ಲ. ಆದರೆ ಬಡವಾಗಲೂ ಇಲ್ಲ. ಅದೇ ನನಗೆ ಅನುಮಾನ ತಂದಿತು. ಮರುದಿನ ಬಾಲ್ಕನಿಯಲ್ಲಿ ಇಂಜಿಯ ಬಟ್ಟೆ ಹರವುತ್ತಿದ್ದಾಗ ಉತ್ತರ ಕಂಡಿತು.

ಮೆಟ್ಟಿಲು ಹತ್ತಿಳಿಯಲು ಕಷ್ಟಪಡುವ ಮುದುಕಿಯರು ನಮ್ಮ ಬೀದಿಯಲ್ಲಿ ಹಗ್ಗ ಕಟ್ಟಿದ ಬುಟ್ಟಿಯನ್ನು ಕಿಟಕಿಯಿಂದ ಇಳಿಬಿಟ್ಟು ಬ್ರೆಡ್ಡು, ತರಕಾರಿ ತರಿಸಿಕೊಳ್ಳುತ್ತಾರೆ. ಮಾದಾಮ್ ಅನಾಹಿತ್‌ರ ಬುಟ್ಟಿ ಬ್ರೆಡ್ ಹೊತ್ತು ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು, ಒಳಗೆ ಹೂವಿನ ಚಿತ್ರದ ತಟ್ಟೆ, ತಟ್ಟೆಯಲ್ಲಿ ಆ ನಕ್ಷತ್ರದ ಕಾಳು. ಕೆಳಗೆ ಸುಸಾಮ್ ಬಾಲವನ್ನು ಕಾಲಿಗೆ ಸುತ್ತಿಕೊಂಡು, ಮುಖ ಮೇಲೆತ್ತಿ ಭಕ್ತನಂತೆ ಕಾಯುತ್ತಿತ್ತು.

ಕೆಳಗಿಳಿದು ಹೇಳಿದೆ. ಉಸ್ತಾ ಕುರ್ಚಿಯಲ್ಲಿ ಕುಸಿದರು.

“ಮಾದಾಮ್‌ಗೆ ಹೇಗೆ ಹೇಳಲಿ ಮಗಳೇ? ಅವರಿಗೇನು ಗಡ್ಡ ಇದೆಯಾ, ಕತ್ತಿ ಹಿಡಿಯೋಕೆ?”

“ಬೆಕ್ಕು ಬೇಕೋ ಬೇಡವೋ?” ಎಂದೆ. ಎರಡೂವರೆ ವರ್ಷದ ಮಗುವಿನ ತಾಯಿಗೆ ಇಂಥ ಗದರಿಕೆ ಸಲೀಸಾಗಿ ಬರುತ್ತದೆ.

ಅವರು ಬೀದಿ ಮಧ್ಯೆ ನಿಂತು ಕೂಗಿದರು. ಕಿಟಕಿಯಲ್ಲಿ ಬಿಳಿ ತಲೆ ಮೂಡಿತು.

“ಏನು ಫೆಹ್ಮಿ, ಸ್ವೆಟರ್ ಹಾಕ್ಕೊಂಡಿಲ್ಲ?”

“ಬಿಸಿಲು ಮಾದಾಮ್... ಅದಲ್ಲ, ಸುಸಾಮ್‌ಗೆ ನೀವು... ಅಂದ್ರೆ ನಿಮ್ಮ ಕೈ ತುಂಬಾ ದೊಡ್ಡದು, ಆದ್ರೆ...” ನಾನು ಹಿಂದಿನಿಂದ ತಿವಿದೆ. “ಬೇಡ ಮಾದಾಮ್! ಹಾಕಬೇಡಿ!”

ತರಕಾರಿಯವನ ಕೂಗು ಕೂಡ ನಿಂತಿತು.

“ನಾನು ಕೊಡೋದೇನು ವಿಷಾನಾ?”

“ನೀವು ಕೊಟ್ಟಿದ್ದು ಬಿಟ್ಟು ಇನ್ನೇನೂ ತಿಂತಿಲ್ಲ. ಹರಳು ಕಟ್ಟಿ ಸಾಯೋದ್ರಲ್ಲಿತ್ತು ಮಾದಾಮ್. ಮತ್ತೆ ಕಟ್ಟಿಕೊಂಡ್ರೆ ಉಳಿಯಲ್ಲ.”

“ಇದನ್ನ ಮೊದಲೇ ಬೊಗಳೋದಲ್ವಾ, ಕತ್ತೆ?”

“ನಿಮಗೆ ಬೇಜಾರಾಗುತ್ತೆ ಅಂತ...”

“ಆಗುತ್ತೆ, ಸಂಜೆಗೆ ಸರಿಹೋಗ್ತೀನಿ. ಬೆಕ್ಕು ಸತ್ರೆ ಸರಿಹೋಗುತ್ತಾ?”

ಕಿಟಕಿ ಮುಚ್ಚಿತು. ಉಸ್ತಾ ತಲೆತಗ್ಗಿಸಿ ನಿಂತೇ ಇದ್ದರು. ಆಗ ನನಗೆ ಸೆವ್ದಾ ಹೇಳಿದ್ದು ನೆನಪಾಯಿತು: ಬೆರೆಸಿ, ಸ್ವಲ್ಪ ಸ್ವಲ್ಪವಾಗಿ. ಉಸ್ತಾ ಹಳೆಯದನ್ನೆಲ್ಲ ಒಮ್ಮೆಲೇ ತೆಗೆದು ಹೊಸದನ್ನಷ್ಟೇ ಸುರಿದಿದ್ದರು. ಇಂಜಿಗೆ ಪಾಲಕ್ ತಿನ್ನಿಸಲು ನಾನೂ ಅವಳ ಇಷ್ಟದ ಮೊಸರನ್ನದಲ್ಲಿ ಒಂದು ಚಮಚ ಅಡಗಿಸಿಯೇ ಶುರುಮಾಡಿದ್ದು. ಹೇಳೋಣವೆನ್ನುವಷ್ಟರಲ್ಲಿ ಕಿಟಕಿ ಮತ್ತೆ ತೆರೆದು ಖಾಲಿ ಬುಟ್ಟಿ ಇಳಿಯಿತು.

“ಅದೇನು ಔಷಧದ ಕಾಳೋ, ಇದಕ್ಕೆ ಹಾಕು. ಎಷ್ಟು ಬೆರೆಸಬೇಕು ಅಂತ ಆ ಹುಡುಗಿ ಹೇಳಲಿ. ನಿನ್ನ ಮಾತು ನಂಬಲ್ಲ.”

ನಾನು ಹೇಳಿದೆ. ಮೊದಲ ದಿನ ಮುಕ್ಕಾಲು ನಕ್ಷತ್ರ, ಕಾಲು ಭಾಗ ಔಷಧ. ತಟ್ಟೆ ಇಳಿಯಿತು. ಸುಸಾಮ್ ಮೂಸಿತು, ನಮ್ಮನ್ನು ನೋಡಿತು, ಬುಟ್ಟಿಯನ್ನು ನೋಡಿತು, ತಿಂದಿತು. ವಾರದ ಕೊನೆಗೆ ತಟ್ಟೆಯಲ್ಲಿ ನಕ್ಷತ್ರ ಒಂದೂ ಇರಲಿಲ್ಲ. ಅದು ಆಗಲೂ ತಿಂದಿತು. ಅದೇ ತಿನಿಸನ್ನು ಉಸ್ತಾ ಬಟ್ಟಲಲ್ಲಿಟ್ಟರೆ ಮಾತ್ರ ನೆಲ ಕೆರೆಯುತ್ತದೆ. ಅದಕ್ಕೆ ಬೇಕಿದ್ದದ್ದು ಬಗೆಬಗೆಯ ರುಚಿಯಲ್ಲ, ಬಡಿಸುವ ವೈಭವ ಎಂದು ನನಗನ್ನಿಸುತ್ತದೆ.

ಹೋದ ವಾರದ ಪರೀಕ್ಷೆಯಲ್ಲಿ ಮೂತ್ರ ಸ್ವಚ್ಛವಾಗಿತ್ತು, ತೂಕವೂ ಇಳಿದಿತ್ತು. ಕೋಳಿಯ ಚೀಲ ತಳ ಕಂಡಿದೆ, ಮೀನಿನದ್ದು ಬಂದಿದೆ. ಆದರೆ ಮಾದಾಮ್ ಬೇಸಿಗೆಗೆ ಕಿನಾಲಿ ದ್ವೀಪದ ತಂಗಿಯ ಮನೆಗೆ ಹೊರಟರು. ಹೊರಡುವ ಮುನ್ನ ಹಗ್ಗ, ತಟ್ಟೆ, ಬುಟ್ಟಿಯನ್ನು ನಮ್ಮ ಮನೆಗೆ ಕಳಿಸಿದರು.

ಇವತ್ತು ನಮ್ಮ ಬಾಲ್ಕನಿಯಿಂದ ಮೊದಲ ಸಲ ಊಟ ಇಳಿಯಿತು. ಹಗ್ಗ ನನ್ನ ಕೈಯಲ್ಲಿತ್ತು, ಅದರ ತುದಿ ಇಂಜಿಯ ಮುಷ್ಟಿಯಲ್ಲಿ. ಕೆಳಗೆ ಉಸ್ತಾ ಕೈಯಾಡಿಸುತ್ತಿದ್ದರು.

“ನಿಧಾನ ಪುಟ್ಟೀ, ನಿಧಾನ! ಮೀನು ಎಷ್ಟು ಹಾಕಿದ್ದೀಯಾ ಮಗಳೇ?”

“ಕಾಲು ಭಾಗ ಉಸ್ತಾ.”

“ಚೂರು ಜಾಸ್ತಿ ಹಾಕಬಾರದಿತ್ತಾ? ಪಾಪ, ಆಸೆಯಿಂದ ನೋಡ್ತಿದೆ.”

“ಬೇಡ!” ಎಂದು ಇಂಜಿ ಮೇಲಿನಿಂದ ಕಿರುಚಿದಳು. ಬುಟ್ಟಿ ನೆಲ ಮುಟ್ಟಿತು. ಸುಸಾಮ್ ಹೊಸ ಕೈಗಳನ್ನು ಒಮ್ಮೆ ತಲೆಯೆತ್ತಿ ನೋಡಿ, ತಟ್ಟೆಗೆ ಬಾಯಿ ಹಾಕಿತು.