ಸಿಂಬಿಯ ಮೇಲೆ ಹತ್ತು ದಿನ

ಎಂಟನೇ ತರಗತಿಯ ಮಕ್ಕಳಿಗೆ ‘ನನ್ನ ತಾಯಿ’ ಎಂದು ಪ್ರಬಂಧ ಬರೆಯಲು ಕೊಟ್ಟರೆ ನಲವತ್ತು ಮಕ್ಕಳೂ ಒಬ್ಬಳೇ ತಾಯಿಯನ್ನು ಬರೆದುಕೊಂಡು ಬರುತ್ತಾರೆ. ಆಕೆ ಎಲ್ಲರಿಗಿಂತ ಮೊದಲು ಏಳುತ್ತಾಳೆ, ಎಲ್ಲರೂ ಮಲಗಿದ ಮೇಲೆ ಮಲಗುತ್ತಾಳೆ, ಆಕೆಗೆ ಭಾನುವಾರವಿಲ್ಲ, ಪುರುಸೊತ್ತಿಲ್ಲ. ಹಾಸನದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವ ನಾನು ಇಂಥ ಪ್ರಬಂಧಗಳನ್ನು ರಾಶಿರಾಶಿ ನೋಡಿದ್ದೇನೆ. ಕಾಗುಣಿತ ತಿದ್ದಿದ್ದೇನೆ, ತಾಯಿಯನ್ನು ತಿದ್ದಿಲ್ಲ. ತಿದ್ದುವಂಥದ್ದು ಅಲ್ಲೇನೂ ಇಲ್ಲ ಎಂದೇ ನಂಬಿದ್ದೆ, ಯಾಕೆಂದರೆ ನನ್ನಮ್ಮನೂ ಅಂಥದೇ ಪ್ರಬಂಧದಿಂದ ಎದ್ದು ಬಂದವಳ ಹಾಗಿದ್ದಳು.

ಆಲೂರು ತಾಲ್ಲೂಕಿನ ಪಾಳ್ಯ ದಾಟಿ ಗುಡ್ಡದ ಮಗ್ಗುಲಿಗೆ ನಮ್ಮ ಮನೆ. ಮೂರೆಕರೆ ಕಾಫಿ, ಕೆಳಗೆ ಒಂದಿಷ್ಟು ಗದ್ದೆ, ಎರಡು ಹಸು. ಅಮ್ಮ ಕೂತು ಉಂಡದ್ದನ್ನು ನಾನು ನೋಡಿಯೇ ಇರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ, ತಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡು ನಾಲ್ಕು ತುತ್ತು ನುಂಗಿದರೆ ಅವಳ ಊಟ ಮುಗಿಯಿತು. ಫೋನ್ ಮಾಡಿದರೆ “ಬೇಗ ಹೇಳು, ಒಲೆ ಮೇಲೆ ಹಾಲೈತೆ” ಅನ್ನುತ್ತಿದ್ದಳು. ಯಾವ ಹೊತ್ತಿಗೆ ಮಾಡಿದರೂ ಆ ಹಾಲು ಒಲೆಯ ಮೇಲೇ ಇರುತ್ತಿತ್ತು. ಅಪ್ಪನಂತೂ ಬಂದ ನೆಂಟರ ಮುಂದೆಲ್ಲ “ಇವಳು ಕೂತ್ರೆ ಭೂಮಿ ತಿರುಗೋದು ನಿಂತೋಗ್ತದೆ ಕಣ್ರೀ” ಎಂದು ನಗಿಸುತ್ತಿದ್ದರು. ನಾನೂ ಎಲ್ಲರ ಜೊತೆ ನಗುತ್ತಿದ್ದೆ.

ಅವಳ ಎಡಗಣ್ಣು ಮೊದಲಿನಿಂದಲೂ ಮಂದ. ಹೊಸದಾಗಿ ಮದುವೆಯಾಗಿ ಬಂದ ವರ್ಷ ಕಾಫಿ ಗಿಡದ ಚಿಗುರು ತೆಗೆಯುವಾಗ ರೆಂಬೆಯೊಂದು ಹಾರಿ ಬಡಿದು, ಅದರಲ್ಲಿ ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅಷ್ಟೂ ಸಂಸಾರವನ್ನು ಅವಳು ಬಲಗಣ್ಣೊಂದರಲ್ಲಿ ಸಾಗಿಸಿದ್ದಳು. ಮೊನ್ನೆ ಜನವರಿಯಲ್ಲಿ, ಕೊಯ್ಲಿನ ನಡುವೆ, ಆ ಬಲಗಣ್ಣೂ ಕೈಕೊಡಲು ಶುರುವಾಯಿತು. ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತಿತ್ತಂತೆ, ಎದುರಿಗೆ ನಿಂತವರ ಮುಖದ ನಡುಭಾಗವೇ ಮಾಯವಾಗುತ್ತಿತ್ತಂತೆ. ಕೊಯ್ಲು ಮುಗಿಯಲಿ ಎಂದು ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ರಜೆಗೆ ಹೋದ ನನಗೆ ಲೋಟ ಕೊಡುವಾಗ ಅವಳ ಕೈ ಗಾಳಿಯಲ್ಲಿ ನನ್ನ ಕೈಯನ್ನು ಹುಡುಕಿತು. ಮರುದಿನವೇ ಹಾಸನಕ್ಕೆ ಎಳೆದುಕೊಂಡು ಹೋದೆ.

ಕಣ್ಣಿನ ಹಿಂಬದಿಯ ಪರದೆಯಲ್ಲಿ ತೂತು ಬಿದ್ದಿದೆ ಎಂದರು ಡಾಕ್ಟರು. ಆಪರೇಷನ್ ಮಾಡಿ ಕಣ್ಣಿನೊಳಗೆ ಗಾಳಿಯ ಗುಳ್ಳೆಯೊಂದನ್ನು ತುಂಬಿಸುತ್ತಾರೆ. ಗುಳ್ಳೆ ಮೇಲಕ್ಕೇರಿ ತೂತನ್ನು ಒತ್ತಿ ಹಿಡಿಯಬೇಕಾದರೆ ಮುಖ ನೆಲದ ಕಡೆಗೇ ಇರಬೇಕು. “ಅರ್ಧ ಕೆಲಸ ನನ್ನದು, ಇನ್ನರ್ಧ ನಿಮ್ಮದು. ಹತ್ತು ದಿನ, ಊಟ ಬಚ್ಚಲು ಬಿಟ್ಟರೆ ತಲೆ ಎತ್ತಬಾರದು. ಎದ್ದು ಓಡಾಡಿದರೆ ತೂತು ಮುಚ್ಚದೆ ಹೋಗಬಹುದು. ಇರೋದು ಒಂದೇ ಕಣ್ಣು, ನೆನಪಿರಲಿ” ಎಂದು ಅಮ್ಮನಿಗೆ ಹೇಳಿ, ನನ್ನ ಕಡೆ ತಿರುಗಿ “ಇವರು ಕೂರ್ತಾರಾ?” ಎಂದು ಕೇಳಿದರು. ಅಪ್ಪ ಕಾರಿಡಾರಿನಲ್ಲಿ ನನ್ನ ಕಿವಿಗೆ ಬಾಯಿಟ್ಟು “ಅರ್ಧ ದಿನ ಕೂತ್ರೆ ಹೆಚ್ಚು” ಅಂದರು. ಆಪರೇಷನ್ ಆದ ಮೇಲೆ ನಾನು ಸ್ಕೂಲಿಗೆ ರಜೆ ಹಾಕಿ, ಅವಳನ್ನು ಕಾಯಲು ಊರಿಗೆ ಹೋದೆ. ಕೊಯ್ಲಿನ ಕಾಲದಲ್ಲಿ ಅವಳನ್ನು ಹತ್ತು ದಿನ ಕೂರಿಸುವುದೆಂದರೆ ಹೊಸ ಕರುವನ್ನು ಕಟ್ಟಿಹಾಕಿದಷ್ಟೇ ಕಷ್ಟ ಎಂದುಕೊಂಡಿದ್ದೆ.

ಆದರೆ ಮೊದಲ ಬೆಳಗ್ಗೆಯೇ ಅವಳು ನನ್ನ ಲೆಕ್ಕಾಚಾರ ಕೆಡಿಸಿದಳು. ತಲೆ ಬಗ್ಗಿಸಿ ಕೂರಲು ದಿಂಬು ಸರಿಹೋಗಲಿಲ್ಲ, ಉಸಿರು ಕಟ್ಟುತ್ತಿತ್ತು. ಆಗ ಅವಳೇ ಹಳೆಯ ಸೀರೆಯೊಂದನ್ನು ಕೇಳಿ ತರಿಸಿಕೊಂಡು, ಕಣ್ಣು ಕಾಣದಿದ್ದರೂ ಸರಸರನೆ ಹೊಸೆದು ಸಿಂಬಿ ಮಾಡಿದಳು. ಹುಲ್ಲಿನ ಹೊರೆ, ನೀರಿನ ಕೊಡ ಹೊರುವಾಗ ತಲೆಯ ಮೇಲಿಟ್ಟುಕೊಳ್ಳುವ ಬಟ್ಟೆಯ ಸುತ್ತು ಅದು. ಮೇಜಿನ ಅಂಚಿಗೆ ಸಿಂಬಿ ಇಟ್ಟು, ಬೆಂಚಿನ ಮೇಲೆ ಕೂತು, ಅದಕ್ಕೆ ಹಣೆ ಆನಿಸಿದಳು. ಮುಖ ಅಂಚಿನಿಂದಾಚೆ ನೆಲದ ಕಡೆಗೆ ಇಳಿಬಿತ್ತು, ಉಸಿರಾಟ ಸಲೀಸಾಯಿತು. ನಾಲ್ಕು ದಶಕ ತಲೆಯ ಮೇಲಿದ್ದ ಸಿಂಬಿಯ ಮೇಲೆ ಈಗ ಅವಳ ತಲೆ ಇತ್ತು. ಕಾಫಿಯನ್ನು ಎಳನೀರಿನ ಸ್ಟ್ರಾದಲ್ಲಿ ಕುಡಿಸಿದೆ. “ಸಕ್ಕರೆ ಕಮ್ಮಿ” ಅಂದಳು, ಅಷ್ಟೆ.

ಅರ್ಧ ದಿನ ಕಳೆಯಿತು, ಒಂದು ದಿನ ಕಳೆಯಿತು. ಅವಳು ಅಲುಗಲಿಲ್ಲ. ಅವಳ ಮುಖ ನೋಡಬೇಕಾದರೆ ನಾನು ನೆಲದ ಮೇಲೆ ಅಂಗಾತ ಮಲಗಬೇಕಿತ್ತು. ಎರಡನೇ ದಿನ ಹಾಗೆ ಮಲಗಿ, “ಇಷ್ಟು ಕೂರೋಕೆ ಹೇಗಮ್ಮ ಆಗುತ್ತೆ ನಿನಗೆ?” ಎಂದು ಕೇಳಿದೆ. ಮೇಲಿನಿಂದ ಅವಳ ತುಟಿ ನಕ್ಕಿತು.

“ನಾನು ಹುಟ್ಟಾ ಸೋಮಾರಿ ಕಣೇ. ನನ್ ತವರು ಕುಂದೂರಲ್ಲಿ ಯಾರನ್ನಾದ್ರೂ ಕೇಳು. ಹಲಸಿನ ಮರ ಹತ್ತಿ ಕೂತ್ರೆ ಸಂಜೆಗಂಟ ಇಳೀತಿರ್ಲಿಲ್ಲ. ನಮ್ಮಪ್ಪ ಕೋಲು ತಗಂಡು ಬರೋರು. ಮದ್ವೆ ಆದ್ಮೇಲೆ ಸೋಮಾರಿತನಕ್ಕೆ ಪುರುಸೊತ್ತೇ ಆಗ್ಲಿಲ್ಲ.”

ನಾನು ಬೆರಗಾಗಿ ಹೋದೆ. ಈ ಕೆಲಸದ ಹುಚ್ಚು ಅವಳ ಹುಟ್ಟುಗುಣ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಮನೆಮಂದಿಯೆಲ್ಲ ಎಷ್ಟು ಆರಾಮವಾಗಿ ನಂಬಿಕೊಂಡಿದ್ದೆವು. ಆ ನಂಬಿಕೆಯಿಂದ ನಮಗೆ ಎಷ್ಟು ಅನುಕೂಲವಾಗಿತ್ತು ಎಂಬುದೂ ಆಗಲೇ ಹೊಳೆಯಿತು. ನಾಚಿಕೆಯಾಯಿತು.

ಅದಕ್ಕಿಂತ ದೊಡ್ಡ ಬೆರಗು ಮುಂದಿನ ದಿನಗಳಲ್ಲಿ ಕಾದಿತ್ತು. ಅಂಗಳದ ಕಣದಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು. ಅದನ್ನು ದಿನಕ್ಕೆ ನಾಲ್ಕೈದು ಸಲ ಕಾಲಾಡಿಸಬೇಕು, ಅಂದರೆ ಪಾದ ಎಳೆಯುತ್ತಾ ನಡೆದು, ಸಾಲು ಮಾಡಿ, ಕೆಳಗಿನದನ್ನು ಮೇಲೆ ತರಬೇಕು. ನಾನು ಕಾಲಾಡಿಸುತ್ತಿದ್ದರೆ ಒಳಗಿನಿಂದ ಅಮ್ಮನ ದನಿ ಬರುತ್ತಿತ್ತು. “ಆ ಮೂಲೇಲಿ ಇನ್ನೂ ಹಸಿ ಐತೆ. ಅಲ್ಲಿ ಇನ್ನೊಂದ್ಸಲ ಹೋಗು.” ಹೋಗಿ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ನಿಜವಾಗಿಯೂ ಅದು ಗಲಗಲ ಅನ್ನುತ್ತಿರಲಿಲ್ಲ. ಒಣಗಿದ ಹಣ್ಣು ಕಾಲಿಗೆ ಸಿಕ್ಕಿದರೆ ಒಂದು ಸದ್ದು, ಹಸಿಯದು ಸಿಕ್ಕಿದರೆ ಇನ್ನೊಂದು. ನನ್ನ ಕಾಲಿಗೇ ತಿಳಿಯದ್ದು ಗೋಡೆಯಾಚೆ ಕೂತವಳ ಕಿವಿಗೆ ತಿಳಿಯುತ್ತಿತ್ತು. ಹಾಲು ಉಕ್ಕುವುದಕ್ಕೆ ಎರಡು ಉಸಿರು ಮುಂಚೆ “ಹಾಲು” ಅನ್ನುತ್ತಿದ್ದಳು. ಎಳೆ ಹಸು ಮೆಲುಕು ಹಾಕುವುದನ್ನು ನಿಲ್ಲಿಸಿದರೆ, ನೀರು ಕುಡಿಸಿದ್ದೀರಾ ಎಂದು ಕೇಳುತ್ತಿದ್ದಳು. ಅಪ್ಪ ಮೆಟ್ಟಿಲು ಹತ್ತಿದ ರೀತಿಯಲ್ಲೇ ಅವರ ಮಂಡಿನೋವು ಕೆರಳಿರುವುದನ್ನು ಹೇಳಿಬಿಟ್ಟಳು. ಕೈಕಾಲು ಕಟ್ಟಿಕೊಂಡು ಕೂತಿದ್ದರೂ ಮನೆ ಅವಳಿಂದಲೇ ನಡೆಯುತ್ತಿತ್ತು. ಅವಳ ಕೆಲಸವೆಂದರೆ ನಾವು ಇಷ್ಟು ವರ್ಷ ನೋಡಿದ್ದು ಬರೀ ಕೈಗಳನ್ನು.

ಏಳನೆಯ ದಿನ ಮಧ್ಯಾಹ್ನ ಅಪ್ಪ ಆಳುಗಳ ಜೊತೆ ಕೆಳಗಿನ ತೋಟದಲ್ಲಿದ್ದರು. ಮನೆಯಲ್ಲಿ ನಾವಿಬ್ಬರೇ. ಕಣದ ಕಾಫಿ ಇನ್ನೆರಡು ದಿನಕ್ಕೆ ಮೂಟೆಗೆ ಬರುವಂತಿತ್ತು. ಇದ್ದಕ್ಕಿದ್ದಂತೆ ಅಮ್ಮ, “ಮಳೆ ಬತ್ತೈತೆ. ಮೊದ್ಲು ಗುಡ್ಡೆ ಮಾಡು, ಆಮೇಲೆ ಟಾರ್ಪಾಲ್” ಅಂದಳು. ಹೊರಗೆ ಓಡಿ ನೋಡಿದರೆ ಸಕಲೇಶಪುರದ ಕಡೆಯ ಆಕಾಶ ಕಪ್ಪಾಗಿತ್ತು, ಗಾಳಿ ಎದ್ದಿತ್ತು. ಮೊದಲ ದಪ್ಪ ಹನಿಗಳು ಬಿದ್ದಾಗ ನನಗೆ ದಿಕ್ಕು ತಪ್ಪಿತು. ಅಷ್ಟಗಲ ಹರವಿದ್ದನ್ನು ಗುಡ್ಡೆ ಮಾಡುತ್ತಾ ನಿಂತರೆ ಎಲ್ಲ ನೆನೆಯುತ್ತದೆ, ಮೊದಲು ಮುಚ್ಚೋಣ ಎಂದುಕೊಂಡು, ಹರವಿದ ಕಾಫಿಯ ಮೇಲೇ ಟಾರ್ಪಾಲ್ ಎಳೆದು ಮೂಲೆಗಳಿಗೆ ಕಲ್ಲಿಟ್ಟೆ. ಬುದ್ಧಿವಂತಿಕೆ ಮಾಡಿದೆ ಎಂದು ಒಂದು ಕ್ಷಣ ಹೆಮ್ಮೆಯೂ ಆಯಿತು.

ನಮ್ಮ ಕಡೆ ಹಾಲುಹಲ್ಲಿನ ಮಕ್ಕಳೂ ಮಾಡದ ತಪ್ಪು ಅದು. ಕಣಕ್ಕೆ ಇಳಿಜಾರಿರುತ್ತದೆ. ಗುಡ್ಡೆ ಮಾಡಿದರೆ ನೀರು ಪಕ್ಕದಲ್ಲಿ ಹರಿದುಹೋಗುತ್ತದೆ, ಹರವಿದ್ದರೆ ಟಾರ್ಪಾಲಿನ ಅಡಿಯಲ್ಲೇ ನುಗ್ಗುತ್ತದೆ. ಮಳೆ ದಬದಬ ಬಡಿಯತೊಡಗಿದಾಗ ಒಳಗಿನಿಂದ ಅಮ್ಮ ಕೂಗಿದಳು. “ಗುಡ್ಡೆ ಮಾಡಿಲ್ಲ ಅಲ್ವಾ ನೀನು?” ಸಪಾಟು ಟಾರ್ಪಾಲಿನ ಮೇಲೆ ಬೀಳುವ ಮಳೆಯ ಸದ್ದನ್ನೂ ಅವಳು ಬಲ್ಲಳು. ಮತ್ತೆ ಎತ್ತಲು ಹೋದೆ, ಗಾಳಿ ಟಾರ್ಪಾಲನ್ನು ಕಿತ್ತು ಬೇಲಿಗೆ ಹಾಕಿತು. ಕಣ್ಣೆದುರೇ ಕಾಫಿ ನೀರಿನಲ್ಲಿ ತೇಲಿ ಚರಂಡಿಯ ಕಡೆ ಹರಿಯತೊಡಗಿತು. ನನಗಾಗ ಕಾಫಿಯ ಚಿಂತೆ ಇರಲಿಲ್ಲ. ಅಮ್ಮ ಈಗ ಎದ್ದು ಓಡಿ ಬರುತ್ತಾಳೆ, ಬಗ್ಗಿ ಎದ್ದು ಬಾಚುತ್ತಾಳೆ, ಇರುವ ಒಂದು ಕಣ್ಣೂ ಹೋಗುತ್ತದೆ ಎಂಬ ಒಂದೇ ಭಯ. ಎಲ್ಲವನ್ನೂ ಅಲ್ಲೇ ಬಿಟ್ಟು ಒಳಗೆ ಓಡಿದೆ.

ಅವಳು ಸಿಂಬಿಗೆ ಹಣೆ ಒತ್ತಿಕೊಂಡು ಕೂತೇ ಇದ್ದಳು. ಎರಡೂ ಕೈಗಳಲ್ಲಿ ಮೇಜಿನ ಕಾಲುಗಳನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ಸೆರಗಿನ ತುದಿಯನ್ನು ಬೆಂಚಿನ ಕಾಲಿಗೆ ಸುತ್ತಿ ಎರಡು ಗಂಟು ಹಾಕಿಕೊಂಡಿದ್ದಳು. ಮುಖದ ನೇರಕ್ಕೆ ಕೆಂಪು ನೆಲದ ಮೇಲೆ ನಾಲ್ಕೈದು ಹನಿ ಬಿದ್ದಿದ್ದವು.

“ಇದ್ಯಾವಾಗ ಕಟ್ಟಿಕೊಂಡೆ?” ಎಂದು ಕೇಳಿದೆ.

“ನೀನು ಆಚೆಗೆ ಓಡಿದ ಕೂಡ್ಲೆ. ಮಳೆ ಅಂದ್ರೆ ಈ ಕಾಲು ನನ್ನ ಕೇಳ್ದೆ ಎದ್ದುಬುಡ್ತವೆ ಕಣವ್ವ.”

ನಾನು ಒದ್ದೆ ಬಟ್ಟೆಯಲ್ಲೇ ನೆಲದ ಮೇಲೆ ಕುಸಿದು ಕೂತೆ. ಹೊರಗೆ ಮಳೆ ಇನ್ನೂ ಅರ್ಧ ಗಂಟೆ ಹೊಡೆಯಿತು. ಆ ಅರ್ಧ ಗಂಟೆಯೂ ಅವಳು ತನ್ನ ವರ್ಷದ ದುಡಿಮೆ ಹರಿದುಹೋಗುವ ಸದ್ದನ್ನು ಕೇಳಿಸಿಕೊಂಡಳು. ಅವಳ ಕಿವಿ ಎಂಥದೆಂದು ನನಗೆ ಗೊತ್ತಾಗಿತ್ತಲ್ಲ, ಪ್ರತಿಯೊಂದು ಹನಿಯೂ ಅವಳಿಗೆ ಕೇಳಿಸಿರಬೇಕು. ಅವಳು ಹೊರೆ ಹೊತ್ತದ್ದು, ಗದ್ದೆ ನಾಟಿ ಮಾಡಿದ್ದು, ಮಗ್ಗುಲಲ್ಲಿ ನನ್ನನ್ನು ಕಟ್ಟಿಕೊಂಡು ಹಣ್ಣು ಕುಯ್ದದ್ದು ಎಲ್ಲವನ್ನೂ ನೋಡಿದ್ದೇನೆ ಅಥವಾ ಕೇಳಿದ್ದೇನೆ. ಆ ಯಾವ ಕೆಲಸವೂ ಅಂದಿನ ಕೂರುವಿಕೆಯಷ್ಟು ದೊಡ್ಡದಾಗಿರಲಿಲ್ಲ. ಹೆದರಿಕೆಯಾಗುವಷ್ಟು ಗೌರವ ಹುಟ್ಟಿತು ನನಗೆ. ಮುಟ್ಟಬೇಕೆನಿಸಿದರೂ ಮುಟ್ಟಲಿಲ್ಲ.

ಅಪ್ಪ ಬಂದು ಕಣ ನೋಡಿದರು, ನನ್ನನ್ನು ನೋಡಿದರು. ಒಳಗೆ ಹೋಗಿ ಅಮ್ಮನನ್ನು ಕಂಡು ಬಂದ ಮೇಲೆ ಒಬ್ಬರೇ ಪೊರಕೆ ಹಿಡಿದು ಉಳಿದ ಕಾಫಿ ಗುಡಿಸತೊಡಗಿದರು. ಅವತ್ತಿನಿಂದ ಅವರು ಭೂಮಿ ತಿರುಗುವ ಜೋಕು ಹೇಳಿದ್ದನ್ನು ನಾನು ಕೇಳಿಲ್ಲ. ನೆನೆದ ಕಾಫಿಯಲ್ಲಿ ಮುಕ್ಕಾಲು ಪಾಲು ಬೂಸಲು ಹಿಡಿದು ಕೆಟ್ಟಿತು. ಅಮ್ಮ ಇನ್ನೂ ಮೂರು ದಿನ ಹಾಗೆಯೇ ಕೂತಳು.

ಹನ್ನೊಂದನೆಯ ದಿನ ಹಾಸನಕ್ಕೆ ಹೋದೆವು. ಡಾಕ್ಟರು ದೀಪ ಹಿಡಿದು ತುಂಬಾ ಹೊತ್ತು ಕಣ್ಣಿನೊಳಗೆ ಇಣುಕಿದರು. “ಮುಚ್ಚಿಕೊಂಡಿದೆ” ಎಂದರು. ಗುಳ್ಳೆ ಕರಗುತ್ತಾ ಹೋದಂತೆ ನೋಟ ಬರುತ್ತದೆ, ಒಂದೆರಡು ತಿಂಗಳು ಬೇಕು, ಮೊದಲಿನಷ್ಟಲ್ಲದಿದ್ದರೂ ಮುಖಗಳು ಕಾಣುತ್ತವೆ ಎಂದರು. ಅಮ್ಮ ಕೈ ಮುಗಿದಳು.

ಅಪ್ಪ ಔಷಧಿ ತರಲು ಹೋದರು. ಕಾರಿಡಾರಿನ ಬೆಂಚಿನ ಮೇಲೆ ಕೂತ ಅಮ್ಮನ ಎದುರು ನಿಂತು, ನಾಲ್ಕು ದಿನದಿಂದ ಕೇಳಬೇಕೆಂದಿದ್ದನ್ನು ಕೊನೆಗೂ ಕೇಳಿದೆ. “ಅಷ್ಟು ಕಾಫಿ ಹೋಗ್ತಿದ್ದರೂ ಏಳಲಿಲ್ಲವಲ್ಲಮ್ಮ. ಕಣ್ಣು ಹೋಗುತ್ತೆ ಅಂತ ಅಷ್ಟು ಭಯ ಆಗಿತ್ತಾ?”

“ಕಣ್ಣಿಂದೇನೈತೆ. ಒಂದ್ರಲ್ಲಿ ಕಾಣಾಕಿಲ್ಲ, ಇನ್ನೊಂದೂ ಹೋಗಿದ್ರೆ ಹೆಂಗೋ ತಡಕಾಡ್ಕಂಡು ಇರ್ತಿದ್ದೆ” ಅಂದಳು ಅವಳು, ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ. “ನಾನು ಎದ್ದು ಕಣ್ಣು ಹೋಗಿದ್ರೆ, ನನ್ನಿಂದಲೇ ಅಮ್ಮ ಕುರುಡಿ ಆದ್ಲು ಅಂತ ನೀನು ಸಾಯೋಗಂಟ ಕೊರಗ್ತಿದ್ದೆ. ಅದ್ಕೇ ಕಟ್ಟಾಕ್ಕಂಡೆ.”

ಅವಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡೆ. ಆ ಹತ್ತು ದಿನ ಕಾಯುತ್ತಿದ್ದವಳು ನಾನು ಎಂದುಕೊಂಡಿದ್ದೆ.